ಕ್ಯೂಬಾದ ಮನೆಯ ಕಾಫಿ: ಸಕ್ಕರೆಯ ನೊರೆ ಮತ್ತು ಹಂಚಿ ಕುಡಿಯುವ ರೂಢಿ

ಕ್ಯೂಬಾದ ಮನೆಯೊಂದರಲ್ಲಿ ಕಾಫಿ ಆಗುತ್ತಿದ್ದರೆ ನೆರೆಮನೆಗೆ ಅದು ಚಮಚದ ಸದ್ದಿನಿಂದ ತಿಳಿಯುತ್ತದೆ. ಒಲೆಯ ಮೇಲೆ ಪುಟ್ಟ ಅಲ್ಯೂಮಿನಿಯಂ ಪಾತ್ರೆ ಕಾಯುತ್ತಿರುತ್ತದೆ. ಪಕ್ಕದಲ್ಲಿ ಒಂದು ಲೋಟ, ಲೋಟದೊಳಗೆ ಸಕ್ಕರೆ. ಮೊದಲ ಕೆಲವು ಹನಿ ಗಟ್ಟಿ ಡಿಕಾಕ್ಷನ್ ಹೊರಬಂದ ಕೂಡಲೇ ಅದನ್ನು ಸಕ್ಕರೆಯ ಮೇಲೆ ಬಿಟ್ಟು, ಎರಡು ಮೂರು ನಿಮಿಷ ಕೈಬಿಡದೆ ಚಮಚದಿಂದ ಬಡಿಯುತ್ತಾರೆ. ಗಾಢ ಕಂದಾಗಿದ್ದ ಒದ್ದೆ ಸಕ್ಕರೆ ಮೆಲ್ಲಮೆಲ್ಲಗೆ ತಿಳಿಬಣ್ಣಕ್ಕೆ ತಿರುಗಿ ಕೆನೆಯಂತಾಗುತ್ತದೆ. ಉಳಿದ ಕಾಫಿಯನ್ನು ಅದರ ಮೇಲೆ ಸುರಿದಾಗ ನೊರೆಯಾಗಿ ಮೇಲೇಳುತ್ತದೆ. ಈ ನೊರೆಗೆ ಅಲ್ಲಿನವರು ‘ಎಸ್ಪುಮೀತ’ ಎನ್ನುತ್ತಾರೆ. ಪುಟ್ಟ ನೊರೆ ಎಂದು ಅರ್ಥ. ಕಾಫಿಯ ಹೆಸರು ‘ಕಫೆಸೀತೊ’, ಅಂದರೆ ಪುಟ್ಟ ಕಾಫಿ. ಎರಡು ಹೆಸರುಗಳ ಕೊನೆಯಲ್ಲಿಯೂ ಸ್ಪ್ಯಾನಿಷ್ ಭಾಷೆಯ ಮುದ್ದಿನ ಪ್ರತ್ಯಯವಿದೆ. ಮನೆಯ ಮಗುವನ್ನು ನಾವು ‘ಪುಟ್ಟ’, ‘ಪುಟ್ಟಿ’ ಎಂದು ಕರೆಯುವಾಗ ಇರುವ ಸಲಿಗೆಯೇ ಅಲ್ಲಿಯೂ ಇದೆ.

ಈ ಕಾಫಿಯನ್ನು ಕುರಿತು ತಿಳಿಯಹೊರಟವರಿಗೆ ಆರಂಭದಲ್ಲೇ ಒಂದು ಗೊಂದಲ ಎದುರಾಗುತ್ತದೆ. ಅಮೆರಿಕದ ಮಯಾಮಿ ನಗರದಲ್ಲಿ ‘ಕ್ಯೂಬನ್ ಕಾಫಿ’ ಎಂದು ದಿನನಿತ್ಯ ಮಾರಾಟವಾಗುವ ಕಾಫಿಯಲ್ಲಿ ಸಾಮಾನ್ಯವಾಗಿ ಕ್ಯೂಬಾದಲ್ಲಿ ಬೆಳೆದ ಒಂದು ಬೀಜವೂ ಇರುವುದಿಲ್ಲ. ಇನ್ನು ಕ್ಯೂಬಾದಲ್ಲಿಯೇ, ಪಡಿತರದ ಅಂಗಡಿಯಿಂದ ಮನೆಗೆ ಬರುವ ಪೊಟ್ಟಣದಲ್ಲಿ ಕಾಫಿಯ ಜೊತೆಗೆ ಹುರಿದ ಬಟಾಣಿಯ ಪುಡಿಯೂ ಬೆರೆತಿರುತ್ತದೆ. ಒಂದು ಕಡೆ ಕ್ಯೂಬಾದ ಕಾಫಿಯಿಲ್ಲ, ಇನ್ನೊಂದು ಕಡೆ ಸಾಕಷ್ಟು ಕಾಫಿಯೇ ಇಲ್ಲ. ಹಾಗಿದ್ದರೂ ಎರಡೂ ಕಡೆಯ ಕುಟುಂಬಗಳು ತಾವು ಕುಡಿಯುವುದು ಅಜ್ಜಿ ಮಾಡುತ್ತಿದ್ದ ಅದೇ ಕಾಫಿ ಎಂದು ನಂಬುತ್ತವೆ, ಮತ್ತು ಆ ನಂಬಿಕೆ ಸರಿಯಾದದ್ದೇ ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ಇಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿರುವುದು ಬೀಜವಲ್ಲ. ಮಾಡುವ ಕ್ರಮ, ಸಕ್ಕರೆಯ ಬಳಕೆ ಮತ್ತು ಒಂದೇ ಪಾತ್ರೆಯ ಕಾಫಿಯನ್ನು ಮನೆಮಂದಿಗೆಲ್ಲ ಗುಟುಕು ಗುಟುಕಾಗಿ ಹಂಚುವ ರೂಢಿ. ಅದು ಹೀಗೇಕೆ ಆಯಿತು ಎಂಬುದನ್ನು ತಿಳಿಯಲು ಆ ದ್ವೀಪದಲ್ಲಿ ಕಾಫಿಗೂ ಸಕ್ಕರೆಗೂ ನಡೆದ ದೀರ್ಘಕಾಲದ ಪೈಪೋಟಿಯನ್ನು ನೋಡಬೇಕು.

ಕಾಫಿ ಗಿಡ ಕ್ಯೂಬಾಕ್ಕೆ ಬಂದದ್ದು 1748ರಲ್ಲಿ. ಹೊಸೆ ಆಂತೋನಿಯೊ ಹೆಲಾಬೆರ್ತ್ ಎಂಬಾತ ಪಕ್ಕದ ಸಾಂತೊ ದೊಮಿಂಗೊದಿಂದ ಬೀಜ ತಂದು ಹವಾನಾ ಬಳಿಯ ವಹಾಯ್ ಎಂಬಲ್ಲಿ ಮೊದಲ ತೋಟ ಮಾಡಿದನೆಂದು ಅಲ್ಲಿನ ಇತಿಹಾಸ ಹೇಳುತ್ತದೆ. ಕೆರಿಬಿಯನ್ ದ್ವೀಪಗಳಿಗೆ ಹಬ್ಬಿದ ಆ ಹಳೆಯ ಅರೇಬಿಕಾ ತಳಿಯ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ನಮ್ಮ ಕಡೆಗೇ ಬಂದು ಮುಟ್ಟುತ್ತೇವೆ. ಯೆಮನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ಕನ್ನಡಿಗರಿಗೆ ಗೊತ್ತಿರುವ ಐತಿಹ್ಯ. 17ನೇ ಶತಮಾನದ ಕೊನೆಯಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಕಾಫಿಯನ್ನು ಜಾವಾಕ್ಕೆ ಒಯ್ದರು. ಜಾವಾದ ಗಿಡ 1706ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಸಂತತಿಯ ಒಂದು ಗಿಡ 1714ರಲ್ಲಿ ಫ್ರಾನ್ಸ್‌ನ ದೊರೆ ಹದಿನಾಲ್ಕನೆಯ ಲೂಯಿಗೆ ಉಡುಗೊರೆಯಾಗಿ ಸಂದಿತು. ಅಲ್ಲಿಂದ 1720ರ ದಶಕದಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪವನ್ನು ಸೇರಿತು. ಟಿಪಿಕಾ ಎಂದು ಇಂದು ಕರೆಯುವ ತಳಿ ಅದು. ಪಶ್ಚಿಮ ಘಟ್ಟಕ್ಕೂ ಕ್ಯೂಬಾದ ಬೆಟ್ಟಗಳಿಗೂ ಹೀಗೆ ಒಂದು ದೂರದ ನೆಂಟಸ್ತಿಕೆಯಿದೆ.

ಬೀಜ ಬಂದರೂ ಮೊದಲ ನಲವತ್ತು ವರ್ಷ ಹೆಚ್ಚೇನೂ ಆಗಲಿಲ್ಲ. ಕ್ಯೂಬಾದಲ್ಲಿ ಕಾಫಿಯನ್ನು ದೊಡ್ಡ ಬೆಳೆಯನ್ನಾಗಿ ಮಾಡಿದ್ದು ನೆರೆಯ ನೆಲದಲ್ಲಿ ನಡೆದ ದಂಗೆ. ಇಂದು ಹೈಟಿ ಎನಿಸಿಕೊಂಡಿರುವ ಫ್ರೆಂಚ್ ವಸಾಹತಿನಲ್ಲಿ 1791ರಲ್ಲಿ ಗುಲಾಮರು ಎದ್ದು ನಿಂತಾಗ, ಅಲ್ಲಿಂದ ಓಡಿಬಂದ ತೋಟದ ಮಾಲೀಕರು ಪೂರ್ವ ಕ್ಯೂಬಾದ ಸಾಂತಿಯಾಗೊ ಮತ್ತು ಗ್ವಾಂತಾನಮೊ ಸುತ್ತಲಿನ ಬೆಟ್ಟಗಳಲ್ಲಿ ನೆಲೆನಿಂತರು. ಅವರ ಜೊತೆಯಲ್ಲಿ ತೋಟಗಾರಿಕೆಯ ತಿಳಿವಳಿಕೆ ಬಂತು. ಅವರು ಬಲವಂತವಾಗಿ ಕರೆತಂದ ಆಫ್ರಿಕನ್ ಗುಲಾಮರ ದುಡಿಮೆಯೂ ಬಂತು. ಕಡಿದಾದ ಇಳಿಜಾರುಗಳಲ್ಲಿ ದಾರಿ ಕಡಿದವರು, ಕಲ್ಲಿನ ಕಾಲುವೆ ಕಟ್ಟಿದವರು, ಹಣ್ಣು ಕೊಯ್ದು ಕಣದಲ್ಲಿ ಹರಡಿದವರು ಅವರೇ. ಈ ತೋಟಗಳ ಪಳೆಯುಳಿಕೆಗಳನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ರಾನ್ ಪಿಯೆದ್ರಾ ಬೆಟ್ಟದ ಬಳಿಯ ಲಾ ಇಸಬೆಲೀಕಾ ಎಂಬ ತೋಟದ ಮನೆ ಇಂದು ವಸ್ತುಸಂಗ್ರಹಾಲಯ. ಆ ಗುಲಾಮರು ತಮ್ಮೊಡನೆ ತಂದ ‘ತುಂಬಾ ಫ್ರಾನ್ಸೇಸಾ’ ಎಂಬ ಕುಣಿತ ಪೂರ್ವ ಕ್ಯೂಬಾದಲ್ಲಿ ಇನ್ನೂ ಉಳಿದಿದೆ. ಕ್ಯೂಬಾದಲ್ಲಿ ಗುಲಾಮಗಿರಿ ಪೂರ್ತಿಯಾಗಿ ರದ್ದಾದದ್ದು 1886ರಲ್ಲಿ. ಕಾಫಿಯ ಸವಿಯನ್ನು ಹೇಳುವಾಗ ಈ ಮಾತನ್ನು ಬಿಟ್ಟು ಮುಂದೆ ಹೋಗುವುದು ತಪ್ಪಾಗುತ್ತದೆ.

19ನೇ ಶತಮಾನದ ಮೊದಲ ದಶಕಗಳಲ್ಲಿ ಕ್ಯೂಬಾ ಜಗತ್ತಿನ ಮುಖ್ಯ ಕಾಫಿ ರಫ್ತು ನೆಲೆಗಳಲ್ಲಿ ಒಂದಾಗಿತ್ತು. ಆ ಬಳಿಕ ಬ್ರೆಜಿಲ್ ಅಗ್ಗವಾಗಿ ಬೆಳೆದು ಮಾರುಕಟ್ಟೆಯನ್ನು ತುಂಬಿತು. 1844 ಮತ್ತು 1846ರ ಚಂಡಮಾರುತಗಳು ಪಶ್ಚಿಮ ಭಾಗದ ತೋಟಗಳನ್ನು ನೆಲಕಚ್ಚಿಸಿದವು. ಬಂಡವಾಳವೂ ದುಡಿಯುವ ಕೈಗಳೂ ಕಬ್ಬಿನ ಕಡೆಗೆ ಹೊರಳಿದವು. ಅಲ್ಲಿಂದ ಮುಂದೆ ಕ್ಯೂಬಾ ಎಂದರೆ ಸಕ್ಕರೆ. ಬಯಲೆಲ್ಲ ಕಬ್ಬಾಯಿತು, ಕಾಫಿ ಬೆಟ್ಟಗಳಿಗೆ ಸರಿಯಿತು. ಹಿಡಿಯಷ್ಟು ಕಾಫಿ, ಚೀಲಗಟ್ಟಲೆ ಸಕ್ಕರೆ ಇರುವ ನೆಲದಲ್ಲಿ ಜನ ಎಂಥ ಕಾಫಿ ಕುಡಿಯುತ್ತಾರೋ ಅದೇ ಕಫೆಸೀತೊ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ: ಅಳತೆಯಲ್ಲಿ ಕಡಿಮೆ, ಕಡುವಿನಲ್ಲಿ ಹೆಚ್ಚು, ಸಿಹಿಯಲ್ಲಿ ಇನ್ನೂ ಹೆಚ್ಚು.

ಇಂದು ಪ್ರತಿ ಮನೆಯಲ್ಲೂ ಕಾಣುವ ಅಲ್ಯೂಮಿನಿಯಂ ಪಾತ್ರೆ ಬರುವ ಮೊದಲು ಕಾಫಿಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದರು. ಒಂದು ಕಂಬಿಯ ಬಳೆಗೆ ಶಂಕುವಿನಾಕಾರದ ಬಟ್ಟೆಯ ಚೀಲ ಹೊಲಿದು, ಮರದ ಚೌಕಟ್ಟಿಗೆ ನೇತುಹಾಕಿ, ಅದರಲ್ಲಿ ಪುಡಿ ಹಾಕಿ ಕುದಿನೀರು ಸುರಿಯುವುದು ಮನೆಯ ಕ್ರಮ. ಹಳ್ಳಿಗಳಲ್ಲಿ ಬೀಜವನ್ನು ಕಡಾಯಿಯಲ್ಲಿ ಹುರಿದು ‘ಪಿಲೋನ್’ ಎಂಬ ಎತ್ತರದ ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟುತ್ತಿದ್ದರು. ಆ ಕುಟ್ಟುವ ಲಯವನ್ನೇ ಹಿಡಿದು ಸಾಂತಿಯಾಗೊದ ಸಂಗೀತಗಾರ ಎನ್ರೀಕೆ ಬೊನ್ನೆ 1960ರ ದಶಕದಲ್ಲಿ ರೂಪಿಸಿದ ನೃತ್ಯಲಯಕ್ಕೆ ‘ಪಿಲೋನ್’ ಎಂದೇ ಹೆಸರಾಯಿತು. ಸೋಸುವ ಕ್ರಮ ಮರೆಯಾದರೂ ಮಾತು ಉಳಿಯಿತು. ನಾವು ‘ಡಿಕಾಕ್ಷನ್ ಇಳಿಸುತ್ತೇನೆ’ ಎನ್ನುವಂತೆ ಕ್ಯೂಬಾದವರು ‘ಕಾಫಿ ಸೋಸುತ್ತೇನೆ’ ಎನ್ನುತ್ತಾರೆ. ಅವರ ಕ್ರಿಯಾಪದ ‘ಕೊಲಾರ್’. ಈಗಿನ ಪಾತ್ರೆಯಲ್ಲಿ ಸೋಸುವ ಬಟ್ಟೆಯಿಲ್ಲ, ಕಾಫಿ ಕೆಳಗಿಳಿಯುವುದೂ ಇಲ್ಲ, ಮೇಲಕ್ಕೆ ಏರುತ್ತದೆ. ಆದರೂ ಮೊಮ್ಮಗಳು ಅಜ್ಜಿಯ ಮಾತನ್ನೇ ಆಡುತ್ತಾಳೆ.

ಆ ಪಾತ್ರೆಯ ಹೆಸರು ಕ್ಯೂಬಾದಲ್ಲಿ ‘ಕಫೆತೇರ’. ನಮ್ಮ ಅಂಗಡಿಗಳಲ್ಲಿ ಅದನ್ನು ಮೋಕಾ ಪಾಟ್ ಎನ್ನುತ್ತಾರೆ. 1933ರಲ್ಲಿ ಇಟಲಿಯಲ್ಲಿ ಅಲ್ಫೋನ್ಸೊ ಬಿಯಾಲೆಟ್ಟಿಯ ಕಾರ್ಖಾನೆಯಿಂದ ಹೊರಬಂದ ಈ ಸಾಧನ ಎರಡನೆಯ ಮಹಾಯುದ್ಧದ ನಂತರ ಮನೆಮನೆಗೆ ಹಬ್ಬಿತು. ಅದರಲ್ಲಿ ಮೂರು ಭಾಗಗಳಿವೆ. ಕೆಳಗಿನ ಅರೆಯಲ್ಲಿ ನೀರು, ನಡುವಿನ ಜಾಲರಿ ಬಟ್ಟಲಿನಲ್ಲಿ ಕಾಫಿಪುಡಿ, ಮೇಲಿನ ಅರೆ ಖಾಲಿ. ಜಾಲರಿ ಬಟ್ಟಲಿನ ಅಡಿಯಿಂದ ಒಂದು ಕೊಳವೆ ಕೆಳಗಿನ ನೀರಿನೊಳಗೆ ಇಳಿದಿರುತ್ತದೆ. ಒಲೆಯ ಮೇಲೆ ಇಟ್ಟಾಗ ಕೆಳಗಿನ ಅರೆಯ ಗಾಳಿ ಮತ್ತು ಆವಿ ಹಿಗ್ಗಿ ನೀರಿನ ಮೇಲ್ಮೈಯನ್ನು ಒತ್ತುತ್ತವೆ. ಹೋಗಲು ಬೇರೆ ದಾರಿಯಿಲ್ಲದ ನೀರು ಕೊಳವೆಯ ಮೂಲಕ ಮೇಲೇರಿ, ಪುಡಿಯನ್ನು ಹಾಯ್ದು, ಮೇಲಿನ ಅರೆಗೆ ಡಿಕಾಕ್ಷನ್ ಆಗಿ ಉಕ್ಕುತ್ತದೆ. ನಮ್ಮ ಫಿಲ್ಟರಿನಲ್ಲಿ ಭೂಮಿಯ ಸೆಳೆತ ಅರ್ಧ ಗಂಟೆಯಲ್ಲಿ ಮಾಡುವ ಕೆಲಸವನ್ನು ಇಲ್ಲಿ ಆವಿಯ ಒತ್ತಡ ಕೆಲವೇ ನಿಮಿಷಗಳಲ್ಲಿ ಮಾಡುತ್ತದೆ.

ಆದರೆ ಆ ಒತ್ತಡ ದೊಡ್ಡದೇನೂ ಅಲ್ಲ. ಕಾಫಿ ಅಂಗಡಿಯ ಎಸ್ಪ್ರೆಸೊ ಯಂತ್ರ ಸುಮಾರು 9 ಬಾರ್ ಒತ್ತಡದಲ್ಲಿ ನೀರನ್ನು ನುಗ್ಗಿಸುತ್ತದೆ. ಮೋಕಾ ಪಾತ್ರೆಯಲ್ಲಿ ಹುಟ್ಟುವುದು ಒಂದೂವರೆ ಬಾರ್ ಆಸುಪಾಸಿನ ಒತ್ತಡ. ಹೊಸದಾಗಿ ಹುರಿದ ಬೀಜದೊಳಗೆ ಸಿಕ್ಕಿಕೊಂಡಿರುವ ಇಂಗಾಲದ ಡೈಆಕ್ಸೈಡ್ ಅನಿಲ ಯಂತ್ರದ ಒತ್ತಡದಲ್ಲಿ ಕಾಫಿಯ ಎಣ್ಣೆಯಂಶದೊಡನೆ ಬೆರೆತು ಹೊನ್ನಿನ ಬಣ್ಣದ ನೊರೆಯಾಗುತ್ತದೆ. ಮನೆಯ ಪಾತ್ರೆಗೆ ಆ ಶಕ್ತಿಯಿಲ್ಲ. ಅದರ ಕಾಫಿ ಗಟ್ಟಿಯಾಗಿರುತ್ತದೆ, ಆದರೆ ಬೋಳಾಗಿರುತ್ತದೆ. ಯಂತ್ರ ಕೊಡುವ ನೊರೆಯನ್ನು ಕ್ಯೂಬಾದ ಅಡುಗೆಮನೆ ಸಕ್ಕರೆಯಿಂದಲೂ ತೋಳಿನ ಬಲದಿಂದಲೂ ತಂದುಕೊಂಡಿತು.

ಎಸ್ಪುಮೀತ ಏಕೆ ನೊರೆಯಾಗಿ ನಿಲ್ಲುತ್ತದೆ ಎಂಬುದು ಈ ವಿಷಯದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ. ಮೊದಲು ಹೊರಬರುವ ಹನಿಗಳೇ ಅತಿ ಗಟ್ಟಿಯಾದವು. ತಾಜಾ ಪುಡಿಯಿಂದ ಸುಲಭವಾಗಿ ಕರಗುವ ಅಂಶಗಳೆಲ್ಲ ಅವುಗಳಲ್ಲಿ ಇಳಿದಿರುತ್ತವೆ. ಎರಡು ದೊಡ್ಡ ಚಮಚ ಸಕ್ಕರೆಗೆ ಅಂಥ ಡಿಕಾಕ್ಷನ್ ಒಂದೆರಡು ಸಣ್ಣ ಚಮಚ ಮಾತ್ರ ಬಿದ್ದಾಗ ಸಕ್ಕರೆಯ ಸ್ವಲ್ಪ ಭಾಗವಷ್ಟೇ ಕರಗಿ ಅಂಟಾದ ಪಾಕವಾಗುತ್ತದೆ, ಉಳಿದದ್ದು ಹರಳಾಗಿಯೇ ಇರುತ್ತದೆ. ಬಡಿಯುತ್ತಿದ್ದಂತೆ ಹರಳುಗಳು ಒಂದನ್ನೊಂದು ಉಜ್ಜಿ ನುಣುಪಾಗುತ್ತವೆ, ಗಾಳಿ ಒಳಸೇರುತ್ತದೆ, ಪಾಕ ಮಂದವಾಗಿರುವುದರಿಂದ ಆ ಗಾಳಿಯ ಗುಳ್ಳೆಗಳು ತಪ್ಪಿಸಿಕೊಳ್ಳಲಾರವು. ಬಣ್ಣ ತಿಳಿಯಾಗುವುದು ಸಕ್ಕರೆ ಬೆಳ್ಳಗಿರುವ ಕಾರಣಕ್ಕಲ್ಲ. ಅಸಂಖ್ಯ ಗುಳ್ಳೆಗಳು ಬೆಳಕನ್ನು ಚದುರಿಸುವುದರಿಂದ. ಇನ್‌ಸ್ಟಂಟ್ ಪುಡಿ, ಸಕ್ಕರೆ ಮತ್ತು ಎರಡು ಚಮಚ ನೀರನ್ನು ಬಡಿದು ಕಾಫಿ ಮಾಡುವ ಪದ್ಧತಿ ನಮ್ಮಲ್ಲೂ ಅನೇಕರಿಗೆ ಗೊತ್ತು; ತತ್ತ್ವ ಅದೇ. ಹೊಸಬರು ಸೋಲುವುದು ಒಂದೇ ಕಡೆ: ಮೊದಲ ಹನಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹಾಕುತ್ತಾರೆ. ಹಾಗಾದಾಗ ಸಕ್ಕರೆ ಪೂರ್ತಿ ಕರಗಿ ನೀರಾದ ಪಾಕವಾಗುತ್ತದೆ, ಎಷ್ಟು ಬಡಿದರೂ ನೊರೆ ಏಳುವುದಿಲ್ಲ. ಅದಕ್ಕೆ ಪರಿಹಾರ ಇನ್ನಷ್ಟು ಸಕ್ಕರೆ ಸೇರಿಸುವುದು ಮಾತ್ರ.

ಮಾಡುವ ಕ್ರಮವನ್ನು ನಮ್ಮ ಅಡುಗೆಮನೆಗೆ ಹೊಂದುವಂತೆ ಹೇಳುತ್ತೇನೆ. ಮೂರು ಕಪ್ಪಿನದೆಂದು ಮಾರುವ ಮೋಕಾ ಪಾತ್ರೆಗೆ ಸುಮಾರು 150 ಮಿಲಿಲೀಟರ್ ನೀರು, 15ರಿಂದ 17 ಗ್ರಾಂ ಪುಡಿ ಹಿಡಿಯುತ್ತದೆ. ಇಲ್ಲಿ ಕಪ್ಪು ಎಂದರೆ ಐವತ್ತು ಮಿಲಿಲೀಟರಿನ ಪುಟ್ಟ ಬಟ್ಟಲು. ಪುಡಿ ಕಡುಹುರಿದದ್ದಾಗಿರಬೇಕು, ಚಿಕೋರಿ ಬೆರೆಸಿರಬಾರದು. ಚಿಕೋರಿ ನೀರು ಹೀರಿ ಜಾಲರಿಯನ್ನು ಕಟ್ಟುತ್ತದೆ, ರುಚಿಯನ್ನೂ ಬೇರೆ ಕಡೆಗೆ ಎಳೆಯುತ್ತದೆ. ಕೆಳಗಿನ ಅರೆಯ ಪಕ್ಕದಲ್ಲಿ ಪ್ರೆಶರ್ ಕುಕ್ಕರಿನಲ್ಲಿರುವಂಥ ಸುರಕ್ಷಾ ವಾಲ್ವ್ ಇರುತ್ತದೆ. ನೀರು ಅದಕ್ಕಿಂತ ಕೆಳಗೆ ನಿಲ್ಲಬೇಕು. ಪುಡಿಯನ್ನು ತುಂಬಿ ಮಟ್ಟ ಮಾಡಬೇಕು, ಅದುಮಬಾರದು. ಕೆಲವು ಮನೆಗಳಲ್ಲಿ ಚಮಚದಿಂದ ಸಣ್ಣ ಗುಡ್ಡೆಯಾಗಿ ಪೇರಿಸುತ್ತಾರೆ, ಅವರೂ ಅದುಮುವುದಿಲ್ಲ. ಭಾಗಗಳನ್ನು ಬಿಗಿಯಾಗಿ ತಿರುಗಿಸಿ, ಮುಚ್ಚಳ ತೆರೆದಿಟ್ಟು, ಸಣ್ಣ ಉರಿಯಲ್ಲಿ ಇಡಬೇಕು. ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ನೆನಪಿಡಬೇಕು.

ಬೇರೊಂದು ಲೋಟದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇಟ್ಟುಕೊಂಡು ಪಾತ್ರೆಯ ಮುಂದೆಯೇ ನಿಲ್ಲಬೇಕು, ಏಕೆಂದರೆ ಮೊದಲ ಹನಿಗಳು ಯಾರಿಗೂ ಕಾಯುವುದಿಲ್ಲ. ಅವು ಬಂದೊಡನೆ ಪಾತ್ರೆಯನ್ನೆತ್ತಿ ಒಂದು ಸಣ್ಣ ಚಮಚದಷ್ಟನ್ನು ಸಕ್ಕರೆಗೆ ಬಿಟ್ಟು, ಪಾತ್ರೆಯನ್ನು ಮತ್ತೆ ಒಲೆಗಿಟ್ಟು ಬಡಿಯಲು ತೊಡಗಬೇಕು. ಮರಳಿನಂತೆ ಕರಕರ ಎನ್ನುತ್ತಿದ್ದದ್ದು ಬೆಣ್ಣೆಯ ಹದಕ್ಕೆ ಬಂದು, ಚಮಚವನ್ನೆತ್ತಿದರೆ ಪಟ್ಟಿಯಂತೆ ಇಳಿಯಬೇಕು. ಅಷ್ಟರಲ್ಲಿ ಪಾತ್ರೆ ಗೊರಗೊರ ಸದ್ದು ಮಾಡುತ್ತದೆ. ನೀರಿನ ಮಟ್ಟ ಕೊಳವೆಯ ಬಾಯಿಗಿಂತ ಕೆಳಗಿಳಿದು ಬರಿಯ ಆವಿ ಪುಡಿಯನ್ನು ಹಾಯುತ್ತಿದೆ ಎಂಬುದರ ಸೂಚನೆ ಅದು. ಆಮೇಲೆ ಬರುವುದೆಲ್ಲ ಕಹಿಯೇ ಆದ್ದರಿಂದ ಒಲೆಯಿಂದ ಕೂಡಲೇ ಇಳಿಸಬೇಕು. ಬಿಸಿ ಕಾಫಿಯನ್ನು ಲೋಟದ ಒಳಗೋಡೆಯ ಮೇಲೆ ಹರಿಯುವಂತೆ ನಿಧಾನವಾಗಿ ಸುರಿದು, ಮೃದುವಾಗಿ ಒಮ್ಮೆ ತಿರುಗಿಸಿ, ಒಂದು ನಿಮಿಷ ಬಿಟ್ಟರೆ ನೊರೆ ತಾನಾಗಿ ಮೇಲೆ ಬಂದು ನಿಲ್ಲುತ್ತದೆ. ಪಾತ್ರೆಯನ್ನು ಸಾಬೂನಿನಿಂದ ತೊಳೆಯಬಾರದು, ನೀರಿನಲ್ಲಿ ಗಲಬರಿಸಿ ಒಣಗಿಸಿದರೆ ಸಾಕು ಎಂಬುದು ಅನೇಕ ಮನೆಗಳ ನಿಯಮ.

ಕಡುಹುರಿತಕ್ಕೂ ಸಕ್ಕರೆಗೂ ಸಂಬಂಧವಿದೆ. ಬೀಜವನ್ನು ಹೆಚ್ಚು ಹುರಿದಂತೆ ಹುಳಿಯಂಶ ಕುಗ್ಗಿ ಕಹಿಯೂ ಸುಟ್ಟ ಬೆಲ್ಲದಂಥ ರುಚಿಯೂ ಏರುತ್ತವೆ. ಆ ಕಹಿಯನ್ನು ಹಾಲಿಲ್ಲದೆ ಕುಡಿಯಬೇಕಾದರೆ ಸಿಹಿಯ ಆಸರೆ ಬೇಕು. ಕ್ಯೂಬಾದ ಬೆಟ್ಟಗಳ ಮನೆಗಳಲ್ಲಿ ಹುರಿಯುವ ಕೊನೆಯ ಹಂತದಲ್ಲಿ ಕಡಾಯಿಗೇ ಸಕ್ಕರೆ ಹಾಕಿ ಬೀಜಕ್ಕೆ ಲೇಪವಾಗುವಂತೆ ಮಾಡುವ ರೂಢಿಯೂ ಇದೆ. ಹೀಗೆ ಮಾಡಿದ ಕಾಫಿಯಿಂದಲೇ ಉಳಿದ ಬಗೆಗಳು ಹುಟ್ಟುತ್ತವೆ. ಸ್ವಲ್ಪ ಬಿಸಿಹಾಲಿನಿಂದ ಕಡುವನ್ನು ಮುರಿದರೆ ‘ಕೊರ್ತಾದೀತೊ’. ದೊಡ್ಡ ಬಟ್ಟಲು ಬಿಸಿಹಾಲಿಗೆ ಕಾಫಿ ಬೆರೆಸಿದರೆ ‘ಕಫೆ ಕೊನ್ ಲೇಚೆ’. ಎರಡನೆಯದು ಬೆಳಗಿನ ಉಪಾಹಾರ. ಬೆಣ್ಣೆ ಸವರಿ ಒತ್ತಿ ಸುಟ್ಟ ಉದ್ದನೆಯ ಬ್ರೆಡ್ಡನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ.

ಮನೆಯ ರೂಢಿಯ ತಿರುಳು ಇರುವುದು ‘ಬುಚೀತೊ’ ಎಂಬ ಮಾತಿನಲ್ಲಿ. ಅದರ ಅರ್ಥ ಒಂದು ಗುಟುಕು. ಮನೆಗೆ ಯಾರೇ ಬಂದರೂ, ಅಂಚೆಯವನಾಗಲಿ ನೆಂಟನಾಗಲಿ, ಮೊದಲ ಪ್ರಶ್ನೆ ‘ಒಂದು ಬುಚೀತೊ ಕುಡಿಯುತ್ತೀರಾ’ ಎಂಬುದು. ಅಲ್ಲಿ ಒಬ್ಬರಿಗೆ ಒಂದು ಲೋಟ ಎಂಬ ಲೆಕ್ಕವಿಲ್ಲ. ಪಾತ್ರೆಯಲ್ಲಿ ಇರುವಷ್ಟನ್ನು ಇರುವಷ್ಟು ಜನಕ್ಕೆ ಸಮನಾಗಿ ಹಂಚುವುದು ಲೆಕ್ಕ. ಆಗತಾನೆ ಇನ್ನೊಬ್ಬರು ಬಾಗಿಲು ತಟ್ಟಿದರೆ ಪ್ರತಿ ಬಟ್ಟಲಿನ ಪಾಲು ತುಸು ಕುಗ್ಗುತ್ತದೆ, ಅಷ್ಟೇ. ನೊರೆಯೂ ಎಲ್ಲರಿಗೂ ಸಮನಾಗಿ ಬರಬೇಕು. ಒಬ್ಬರ ಬಟ್ಟಲಿಗೆ ಬರಿಯ ಕರಿಯ ಕಾಫಿ ಬಿದ್ದರೆ ಅದು ಮಾಡಿದವರ ಕೈತಪ್ಪು. ಹೀಗೆ ಹಂಚುವ ಹೊಣೆ ಬಹುತೇಕ ಮನೆಗಳಲ್ಲಿ ಅಜ್ಜಿಯದು ಅಥವಾ ತಾಯಿಯದು. ಮಕ್ಕಳಿಗೂ ಹಾಲಿನಲ್ಲಿ ಕೆಲವು ಹನಿ ಕಾಫಿ ಸಿಗುತ್ತದೆ. ಸಕ್ಕರೆ ಬಡಿಯುವುದು ಅವರು ಕೈಯಾರೆ ಕಲಿಯುವ ಮೊದಲ ಕೆಲಸ, ಏಕೆಂದರೆ ಅದಕ್ಕೆ ಬೆಂಕಿಯ ಹತ್ತಿರ ಹೋಗಬೇಕಿಲ್ಲ, ಮತ್ತು ಚಮಚಕ್ಕೆ ಅಂಟಿದ್ದು ಬಡಿದವರಿಗೇ ಸಲ್ಲುತ್ತದೆ.

ಈ ಹಂಚಿಕೆ ಬದುಕಿರುವವರಲ್ಲಿಗೇ ನಿಲ್ಲುವುದಿಲ್ಲ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಶವ ಕಾಯುವವರಿಗೆ ಮತ್ತೆ ಮತ್ತೆ ಕಾಫಿ ಕೊಡುತ್ತಾರೆ. ಆಫ್ರಿಕನ್ ಮೂಲದ ಸಾಂತೆರಿಯಾ ಪಂಥವನ್ನೋ ಪ್ರೇತಾತ್ಮಗಳೊಡನೆ ಮಾತಾಡುವ ಎಸ್ಪಿರಿತಿಸ್ಮೊ ನಂಬಿಕೆಯನ್ನೋ ಪಾಲಿಸುವ ಕುಟುಂಬಗಳಲ್ಲಿ ಅಗಲಿದ ಹಿರಿಯರ ಪೀಠದ ಮುಂದೆ ನೀರಿನ ಲೋಟಗಳ ಜೊತೆಗೆ ಒಂದು ಪುಟ್ಟ ಬಟ್ಟಲು ಕಾಫಿ ಇಡುತ್ತಾರೆ. ತೀರಿಕೊಂಡ ಅಜ್ಜ ಸಿಹಿ ಹೆಚ್ಚು ಕುಡಿಯುತ್ತಿದ್ದರೆ ಅವರ ಬಟ್ಟಲಿಗೂ ಹಾಗೆಯೇ. ಹಿರಿಯರಿಗೆ ಅವರ ಇಷ್ಟದ ತಿನಿಸನ್ನು ಎಡೆಯಿಡುವುದನ್ನು ಕಂಡು ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ 1959ರ ಕ್ರಾಂತಿಯ ನಂತರ ಈ ರೂಢಿ ಕ್ಯೂಬಾ ಮತ್ತು ಅಮೆರಿಕ ಎಂಬ ಎರಡು ದಡಗಳಲ್ಲಿ ಬೇರೆ ಬೇರೆಯಾಗಿ ಬೆಳೆಯಿತು, ಮತ್ತು ಅದಕ್ಕೆ ಒಂದು ನಿಖರವಾದ ವರ್ಷವಿದೆ. 1962ರ ಫೆಬ್ರುವರಿಯಲ್ಲಿ ಅಮೆರಿಕ ಕ್ಯೂಬಾದೊಡನೆ ವ್ಯಾಪಾರವನ್ನು ಪೂರ್ತಿ ನಿರ್ಬಂಧಿಸಿತು. ಮಾರ್ಚ್‌ನಲ್ಲಿ ಕ್ಯೂಬಾ ಸರಕಾರ ‘ಲಿಬ್ರೇತ’ ಎಂಬ ಪಡಿತರ ಪುಸ್ತಕವನ್ನು ಜಾರಿಗೆ ತಂದಿತು. ದ್ವೀಪದಲ್ಲಿ ಕಾಫಿಯ ಇಳುವರಿ ದಶಕದಿಂದ ದಶಕಕ್ಕೆ ಕುಸಿಯಿತು. 1960ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 60,000 ಟನ್ ಇದ್ದದ್ದು 2009–10ರ ಹೊತ್ತಿಗೆ ಸುಮಾರು 6,000 ಟನ್ನಿಗೆ ಇಳಿದಿತ್ತು. ಜನ ಬೆಟ್ಟ ಬಿಟ್ಟು ನಗರಕ್ಕೆ ಬಂದರು, ರೈತನಿಗೆ ಸಿಗುವ ಬೆಲೆ ಕಡಿಮೆಯಿತ್ತು, ಗಿಡಗಳು ಮುದಿಯಾದವು. ಪಡಿತರದಲ್ಲಿ ಒಬ್ಬರಿಗೆ ತಿಂಗಳಿಗೆ ಸಿಗುತ್ತಿದ್ದದ್ದು 115 ಗ್ರಾಮಿನ ಒಂದು ಪೊಟ್ಟಣ; ಮೇಲೆ ಹೇಳಿದ ಪಾತ್ರೆಯ ಲೆಕ್ಕದಲ್ಲಿ ಅದು ಏಳು ಬಾರಿಯ ಕಾಫಿ. ಅದೂ ಶುದ್ಧ ಕಾಫಿಯಲ್ಲ. 2005ರಲ್ಲಿ ಕೈಬಿಟ್ಟಿದ್ದ ಹುರಿದ ಬಟಾಣಿಯ ಬೆರಕೆಯನ್ನು 2011ರ ಮೇ ತಿಂಗಳಲ್ಲಿ ಮತ್ತೆ ತಂದರು. ನಮ್ಮ ಚಿಕೋರಿಯನ್ನು ಇದಕ್ಕೆ ಹೋಲಿಸುವುದು ಪೂರ್ತಿ ಸರಿಯಾಗದು: ಚಿಕೋರಿಯ ಪ್ರಮಾಣವನ್ನು ಅಂಗಡಿಯಲ್ಲಿ ನಾವೇ ಹೇಳಿ ಹಾಕಿಸಿಕೊಳ್ಳುತ್ತೇವೆ, ಅಲ್ಲಿ ಬಟಾಣಿಯನ್ನು ಯಾರೂ ಕೇಳಿ ಪಡೆದದ್ದಲ್ಲ. ಬಟಾಣಿಯ ಹಿಟ್ಟು ಉಬ್ಬಿ ಜಾಲರಿಯನ್ನು ಕಟ್ಟಿ, ವಾಲ್ವೂ ಕೆಲಸ ಮಾಡದೆ ಪಾತ್ರೆ ಸಿಡಿದ ಪ್ರಸಂಗಗಳನ್ನು ಕ್ಯೂಬಾದ ಅನೇಕ ಕುಟುಂಬಗಳು ಹೇಳುತ್ತವೆ. ಆದರೂ ಆ ಪುಡಿಯ ಮೊದಲ ಹನಿಗಳಿಂದಲೇ ಸಕ್ಕರೆ ಬಡಿದರು, ಬಂದವರಿಗೆ ಬುಚೀತೊ ಕೊಟ್ಟರು. ಏಳು ಬಾರಿಗೆ ಸಾಲುವ ಪುಡಿಯಲ್ಲಿ ಅತಿಥಿಗೆ ಪಾಲು ತೆಗೆಯುವುದು ಎಂಥ ಔದಾರ್ಯ ಎಂಬುದನ್ನು ತುಂಬಿದ ಡಬ್ಬಿಯಿರುವ ಮನೆಯಲ್ಲಿ ಕುಳಿತು ಊಹಿಸುವುದು ಕಷ್ಟ.

ಇನ್ನೊಂದು ದಡದ ಕಥೆ ಕ್ರಾಂತಿಗಿಂತ ಹಳೆಯದು. 1880ರ ದಶಕದಲ್ಲಿಯೇ ಫ್ಲಾರಿಡಾದ ಟ್ಯಾಂಪಾ ಬಳಿಯ ಈಬೊರ್ ಸಿಟಿಯಲ್ಲಿ ಚುಟ್ಟಾ ಕಾರ್ಖಾನೆಗಳಿಗೆ ಬಂದ ಕ್ಯೂಬಾದ ಕಾರ್ಮಿಕರು ತಮ್ಮ ಕಾಫಿಯನ್ನು ತಂದಿದ್ದರು. ಸ್ಪೇನ್‌ನಲ್ಲಿ ಹುಟ್ಟಿ ಕ್ಯೂಬಾದಲ್ಲಿ ಬದುಕಿದ್ದ ಗ್ರೆಗೋರಿಯೊ ಬುಸ್ತೇಲೊ 1928ರಲ್ಲಿ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ ಹುರಿದು ಮಾರತೊಡಗಿದ ಕಾಫಿ ಇಂದಿಗೂ ಹಳದಿ–ಕೆಂಪು ಪೊಟ್ಟಣದಲ್ಲಿ ಅಂಗಡಿಗಳಲ್ಲಿ ಸಿಗುತ್ತದೆ. ಕ್ರಾಂತಿಯ ನಂತರ ಲಕ್ಷಾಂತರ ಜನ ಮಯಾಮಿಗೆ ಬಂದು ನೆಲೆಸಿದಾಗ ಬೇಡಿಕೆ ಬೆಳೆಯಿತು. ವ್ಯಾಪಾರ ನಿರ್ಬಂಧದಿಂದಾಗಿ ಕ್ಯೂಬಾದ ಬೀಜ ಬರುವಂತಿರಲಿಲ್ಲ. ಬ್ರೆಜಿಲ್, ಕೊಲಂಬಿಯಾ ಮೊದಲಾದ ಕಡೆಯ ಬೀಜವನ್ನು ತಮಗೆ ಬೇಕಾದ ಹದಕ್ಕೆ ಕಡುವಾಗಿ ಹುರಿದುಕೊಂಡರು.

ಮಯಾಮಿಯಲ್ಲಿ ಮನೆಯ ಹಂಚಿಕೆ ಬೀದಿಗೆ ಬಂತು. ಹೋಟೆಲಿನ ಗೋಡೆಯಲ್ಲಿ ಪಾದಚಾರಿ ಮಾರ್ಗಕ್ಕೆ ತೆರೆಯುವ ಕಿಟಕಿಗೆ ಅಲ್ಲಿ ‘ವೆಂತಾನೀತ’ ಎನ್ನುತ್ತಾರೆ. ಒಳಗೆ ಹೋಗದೆ, ನಿಂತುಕೊಂಡೇ ಕಾಫಿ ಕುಡಿದು ಊರ ಸುದ್ದಿ ಮಾತಾಡುವ ಜಾಗ ಅದು. ಕ್ಯೂಬಾದಿಂದ ವಲಸೆ ಬಂದ ಫೆಲಿಪೆ ವಾಲ್ಸ್ 1971ರಲ್ಲಿ ಕಾಯೆ ಓಚೊ ಬೀದಿಯಲ್ಲಿ ತೆರೆದ ವರ್ಸೈಲ್ಸ್ ಹೋಟೆಲಿನ ಕಿಟಕಿ ಇವುಗಳಲ್ಲಿ ಹೆಸರುವಾಸಿ. ಅಲ್ಲಿ ಕೇಳಬಹುದಾದ ಒಂದು ಬಗೆ ‘ಕೊಲಾದ’: ನಾಲ್ಕಾರು ಜನಕ್ಕೆ ಸಾಲುವ ಸಿಹಿಯಾದ ಕಡುಕಾಫಿಯನ್ನು ಒಂದೇ ಥರ್ಮೊಕೋಲ್ ಲೋಟದಲ್ಲಿ ತುಂಬಿ, ಮೇಲೆ ಬೆರಳ ತುದಿಯಷ್ಟು ಚಿಕ್ಕ ಪ್ಲಾಸ್ಟಿಕ್ ಬಟ್ಟಲುಗಳನ್ನು ಇಟ್ಟು ಕೊಡುತ್ತಾರೆ. ಅದನ್ನು ಒಬ್ಬರೇ ಕುಡಿಯಲು ಕೊಳ್ಳುವುದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಕಚೇರಿಯಿಂದ ಒಬ್ಬರು ಹೋಗಿ ತಂದು ಮೇಜಿನಿಂದ ಮೇಜಿಗೆ ಸುರಿದು ಕೊಡುತ್ತಾರೆ. ಅಲ್ಲಿ ಎಸ್ಪ್ರೆಸೊ ಯಂತ್ರವೇ ಇರುವುದರಿಂದ ನೊರೆಗೆ ಸಕ್ಕರೆಯ ಹಂಗಿಲ್ಲ. ಆದರೂ ಕಿಟಕಿಯ ಹಿಂದಿನ ಹೆಂಗಸು ಸ್ಟೀಲಿನ ಜಗ್ಗಿನಲ್ಲಿ ಸಕ್ಕರೆ ಹಾಕಿ, ಮೊದಲ ಹನಿ ಹಿಡಿದು, ತನ್ನ ತಾಯಿ ಬಡಿಯುತ್ತಿದ್ದಂತೆಯೇ ಬಡಿಯುತ್ತಾಳೆ.

ಇತ್ತೀಚಿನ ವರ್ಷಗಳಲ್ಲಿ ಕ್ಯೂಬಾದ ಕೊರತೆ ಸಕ್ಕರೆಯನ್ನೂ ಮುಟ್ಟಿದೆ. 1970ರಲ್ಲಿ 85 ಲಕ್ಷ ಟನ್ ಸಕ್ಕರೆ ತೆಗೆದ ದೇಶ ಈಗ ತನ್ನ ಬಳಕೆಗೇ ಹೊರಗಿನಿಂದ ತರಿಸಿಕೊಳ್ಳುತ್ತಿದೆ. 2024ರ ಅಕ್ಟೋಬರಿನಲ್ಲಿ ವಿದ್ಯುತ್ ಜಾಲ ಪೂರ್ತಿ ಕುಸಿದು ಇಡೀ ದ್ವೀಪ ಕತ್ತಲಾಯಿತು. ವಿದ್ಯುತ್ ಒಲೆ ಇದ್ದ ಮನೆಗಳಿಗೆ ಇದ್ದಿಲೂ ಸೌದೆಯೂ ಗತಿಯಾದವು. ಮಯಾಮಿಯಿಂದ ಊರಿಗೆ ಹೋಗುವವರ ಪೆಟ್ಟಿಗೆಗಳಲ್ಲಿ ಔಷಧಿ, ಹಾಲಿನ ಪುಡಿಗಳ ನಡುವೆ ಇಟ್ಟಿಗೆಯಂತೆ ಬಿಗಿದ ಕಾಫಿ ಪೊಟ್ಟಣಗಳು ಇರುತ್ತವೆ. ಈಗ ಕೆಲವರು ಸಕ್ಕರೆಯನ್ನೂ ಒಯ್ಯುತ್ತಾರೆ. ಬೇರೆ ದೇಶದಲ್ಲಿ ಬೆಳೆದು ಅಮೆರಿಕದಲ್ಲಿ ಹುರಿದ ಆ ಕಾಫಿ ಹವಾನಾದ ಅಡುಗೆಮನೆಯಲ್ಲಿ ಹಳೆಯ ಕಫೆತೇರವನ್ನು ಸೇರುತ್ತದೆ. ಪೊಟ್ಟಣ ತಂದ ಮೊಮ್ಮಗನನ್ನು ಕುಳ್ಳಿರಿಸಿ, ಲೋಟವನ್ನೂ ಚಮಚವನ್ನೂ ಅವನ ಕೈಗೆ ಕೊಟ್ಟು, ಅಜ್ಜಿ ಮೊದಲ ಹನಿಗಳಿಗಾಗಿ ಒಲೆಯ ಮುಂದೆ ನಿಲ್ಲುತ್ತಾಳೆ.